ದೊಡ್ಡ ಗಾಡಿಯ ಹೊಗೆ, ಸಣ್ಣ ಗಾಡಿಯ ಹೊಗೆ

ಸತ್ತ ಕುರಿಮರಿಯ ಬಾಯಿ ಅಷ್ಟು ಕೆಂಪಗಿರೋದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕುರಿ ಸಾಕೋ ಮನೇಲಿ ಹುಟ್ಟಿ ಕುರಿ ಸಾಕೋ ಮನೆಗೇ ಬಂದೋಳು ನಾನು. ಮರಿ ಸಾಯೋದು ನನಗೆ ಹೊಸದಲ್ಲ. ಹೊಟ್ಟೆ ಉಬ್ಬಿ ಸಾಯ್ತವೆ, ಬೇದಿ ಹತ್ತಿ ಸಾಯ್ತವೆ, ನರಿ ಎತ್ಕೊಂಡು ಹೋಗ್ತದೆ. ಸತ್ತ ಮರಿಯ ತುಟಿ ಎತ್ತಿ ನೋಡಿದರೆ ಬೂದಿ ಬಣ್ಣ, ಇಲ್ಲಾಂದ್ರೆ ನೀಲಿ. ಇವು ಮಾತ್ರ ಎಲೆ ಅಡಿಕೆ ಹಾಕಿಕೊಂಡಂಗೆ ಕೆಂಪಗಿದ್ದವು. ನನ್ನ ಮಗಳ ತುಟಿಯೂ ಹಂಗೇ ಇತ್ತು.

ಸೇಲಂನಿಂದ ಧರ್ಮಪುರಿ ಬೇರೆ ಜಿಲ್ಲೆ ಆಗಿ ಕೆಲವು ವರ್ಷ ಕಳೆದ ಮೇಲಿನ ಮಾತು ಇದು. ನಾನು ಹುಟ್ಟಿದ್ದು ಪಾಪಿರೆಡ್ಡಿಪಟ್ಟಿ ಕಡೆ, ಕೊಟ್ಟಿದ್ದು ಕಾರಿಮಂಗಲಂ ಕಡೆಗೆ. ಎಲ್ಲಾ ತಮಿಳು ಸೀಮೆ, ನಮ್ಮದು ಮನೆಯೊಳಗೆ ಕನ್ನಡ. ಕಟ್ಟಿಕೊಂಡೋನು ನಮ್ಮವ್ವನ ತಮ್ಮನೇ. ಮದುವೆಗೆ ಮುಂಚೆ ಮಾವ ಅಂತಿದ್ದೆ, ಆದ ಮೇಲೂ ಮಾವ ಅಂತಲೇ ಅಂದೆ. ಅತ್ತೆ ಅಂತ ಬೇರೆ ಯಾರೂ ಇಲ್ಲ, ಅವ್ವನ ಅವ್ವ, ನನ್ನ ಅಜ್ಜಿಯೇ. ಗಂಡನ ಅಣ್ಣನೂ ಮಾವನೇ, ದೊಡ್ಡಮಾವ. ಅವನು ಬಾಡಿಗೆ ಕಾರು ಓಡಿಸ್ತಿದ್ದ. ಕಾರು ಅವನದೇ. ಧರ್ಮಪುರಿ, ಮೆಟ್ಟೂರು ಅಂತ ಆಸ್ಪತ್ರೆಗೆ, ಮದುವೆಗೆ ಜನ ಕರಕೊಂಡು ಹೋಗೋನು. ಮನೆ ಪಕ್ಕಪಕ್ಕ, ಅಂಗಳ ಒಂದೇ.

ನನ್ನ ಗಂಡ ಕುರಿ ವ್ಯಾಪಾರಕ್ಕೆ ಸಂತೆ ಸಂತೆ ತಿರುಗಬೇಕು. ನಡೆದು ಸಾಕಾಗಿ ಮೆಟ್ಟೂರಿನಲ್ಲಿ ಕೆಲಸಕ್ಕಿದ್ದ ಒಬ್ಬರ ಹತ್ತಿರ ಎರಡು ಪೈಪಿನ ಹಳೇ ಮೋಟಾರ್ ಬೈಕು ತಗೊಂಡ. ಪೆಟ್ರೋಲಿನ ಜೊತೆಗೆ ಆಯಿಲ್ ಕಲಸಿ ಕುಡಿಸಬೇಕಾದ ಜಾತಿ ಅದು. ಬಂಕಿನವನು ಅಳತೆ ಹೇಳಿದ್ದ. ನಮ್ಮೋನು ಅಳತೆ ಕೇಳ್ತಾನಾ? ಎತ್ತಿಗೆ ಎಳ್ಳೆಣ್ಣೆ ಕುಡಿಸಿದಂಗೆ, ಎಣ್ಣೆ ಜಾಸ್ತಿ ಬಿದ್ದಷ್ಟೂ ಗಾಡಿಗೆ ಪುಷ್ಟಿ ಅಂತ ಸುರೀತಿದ್ದ. ಕಿಕ್ ಹೊಡೆದರೆ ಅಂಗಳ ಪೂರಾ ನೀಲಿ ಹೊಗೆ. ಕೋಳಿ ಎಲ್ಲಾ ಬೇಲಿ ದಾಟಿ ಓಡೋವು.

"ಯಾಕ್ಲಾ, ಗಾಡಿಗೆ ಹೆರಿಗೆ ಆಯ್ತಾ? ಇಷ್ಟು ಧೂಪ ಆಕ್ತಾ ಇದ್ದೀಯ" ಅಂತ ದೊಡ್ಡಮಾವ ರೇಗಿಸೋನು.

"ನಿನ್ನ ಕಾರು ಮುದುಕಿ, ಅದಕ್ಕೆ ಒಟ್ಟೆ ಉರಿ. ನನ್ನದಿನ್ನೂ ಬಾಣಂತಿ" ಅನ್ನೋನು ಇವನು.

ಬಾಡಿಗೆ ಕಾರಿಗೆ ವರ್ಷಕ್ಕೊಂದು ಸಲ ಎಫ್.ಸಿ. ಅಂತ ಆಗಬೇಕು. ಗಾಡಿ ಸರಿಯಾಗೈತೆ, ಜನ ಕೂರಿಸಬಹುದು ಅಂತ ಬ್ರೇಕ್ ಇನ್ಸ್‌ಪೆಕ್ಟರ್ ನೋಡಿ ಬರೆದುಕೊಡಬೇಕು. ಬ್ರೇಕು, ಲೈಟು, ಹೊಗೆ ಎಲ್ಲಾ ನೋಡ್ತಾರೆ, ಆದರೂ ನಮ್ಮ ಸೀಮೇಲಿ ಬ್ರೇಕ್ ಇನ್ಸ್‌ಪೆಕ್ಟರ್ ಅಂತಲೇ ಹೆಸರು. ಆ ವರ್ಷ ದೊಡ್ಡಮಾವನ ಜೊತೆ ನಾನೂ ಧರ್ಮಪುರಿಗೆ ಹೋದೆ, ಸಂತೇಲಿ ಕಂಬಳಿ ಮಾರೋಕೆ. ನನ್ನ ಗಂಡ ಮಗಳನ್ನ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹಿಂದೆ ಬಂದ. ಕಾರು ದಾರೀಲಿ ನಿಂತರೆ ತಳ್ಳೋಕೆ ಒಬ್ಬ ಇರಲಿ ಅಂತ ದೊಡ್ಡಮಾವನೇ ಕರೆದಿದ್ದ.

ಮೈದಾನದಲ್ಲಿ ಕಾರು, ಲಾರಿ, ಬಸ್ಸು ಸಾಲಾಗಿ ನಿಂತಿದ್ದವು. ಇನ್ಸ್‌ಪೆಕ್ಟರ್ ಗಿಡ್ಡ ಮನುಷ್ಯ, ಕಾಕಿ ಬಟ್ಟೆ. ಕೈಯಲ್ಲಿ ಯಾವ ಮೆಷಿನ್ನೂ ಇಲ್ಲ. ಎಂಜಿನ್ ರೇಸ್ ಮಾಡು ಅನ್ನೋದು, ಹಿಂದೆ ನಿಂತು ಸೊಂಟದ ಮೇಲೆ ಕೈಯಿಟ್ಟು ಹೊಗೆ ನೋಡೋದು. ಕಣ್ಣೇ ತಕ್ಕಡಿ. ದೊಡ್ಡಮಾವ ರೇಸ್ ಮಾಡಿದ. ನೀಲಿ ಹೊಗೆ ಬಂತು.

"ಎನ್ನಯ್ಯಾ, ಸಮಯಲ್ ಪಣ್ಣುರಿಯಾ?" ಅಂದರು. ಕಾರಿನೊಳಗೆ ಅಡಿಗೆ ಮಾಡ್ತಿದ್ದೀಯ ಅಂತ. ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ನಕ್ಕರು. ಎಫ್.ಸಿ. ಇಲ್ಲ ಅಂದುಬಿಟ್ಟರು. ಎಂಜಿನ್ ರಿಂಗ್ ಬದಲಾಯಿಸು, ಮುಂದಿನ ಸಲ ತಗೊಂಡು ಬಾ, ಅದುವರೆಗೂ ಬಾಡಿಗೆಗೆ ರೋಡಿಗಿಳಿದರೆ ಪರ್ಮಿಟ್ಟು ಹೋಯ್ತು ಅಂತ ತಿಳಕೋ.

ಅಷ್ಟರಲ್ಲಿ ನನ್ನ ಗಂಡ ಮೈದಾನದ ಮಧ್ಯಕ್ಕೆ ಬೈಕು ತಂದ. ಹೊಗೆಯೊಳಗೆ ಮಗಳ ತಲೆ ಒಂದೇ ಕಾಣ್ತಿತ್ತು. ದೊಡ್ಡಮಾವನಿಗೆ ಉರಿದುಹೋಯ್ತು.

"ಸಾರ್, ಅದೂ ಹೊಗೆ ತಾನೆ? ಅದನ್ನ ಯಾಕೆ ಕೇಳಲ್ಲ?" ಅಂದ.

ಇನ್ಸ್‌ಪೆಕ್ಟರ್ ತಿರುಗಿ ನೋಡಿದರು. "ಸ್ಕೂಟರು, ಬೈಕುಕ್ಕೆಲ್ಲಾಂ ಎಫ್.ಸಿ. ಕಿಡೆಯಾದು. ಪೋಪ್ಪಾ, ಪೋ" ಅಂದರು. ಅವಕ್ಕೆಲ್ಲಾ ಎಫ್.ಸಿ. ಇಲ್ಲ, ಹೋಗಪ್ಪಾ ಅಂತ.

ನನ್ನ ಗಂಡ ಅವತ್ತು ಊರಿಗೆ ಬಂದ ಠೀವಿ ನೋಡಬೇಕಿತ್ತು. ಗೌರ್ನಮೆಂಟೇ ಅವನ ತಲೆಗೆ ಪೇಟ ಕಟ್ಟಿ ಕಳಿಸಿದಂಗೆ. "ಕೇಳಿದೇನಮ್ಮೀ? ಕಾರಿನ ಒಗೆ ಒಗೆ. ಬೈಕಿನ ಒಗೆ ಒಗೇನೇ ಅಲ್ಲ. ಸಣ್ಣ ಗಾಡಿ, ಸಣ್ಣ ಒಗೆ. ಓದಿದೋರು ಯೋಳಿದ್ದು." ಮಗಳೂ ಅದನ್ನೇ ಕಲಿತು, ದೊಡ್ಡಮಾವ ಕಂಡಾಗೆಲ್ಲ "ನಿಂದು ಒಗೆ, ನಮ್ದು ಒಗೆ ಅಲ್ಲ" ಅಂತ ಕೂಗಿ ಓಡೋದು. ಕಾರು ಅಂಗಳದ ಹುಣಸೆ ಮರದ ಕೆಳಗೆ ನಿಂತಿತು.

ಈಗ ನಮ್ಮ ಹೊಗೆ ವಿಷಯ ಹೇಳ್ತೀನಿ. ಮಳೆಗಾಲ ಬಂತಂದ್ರೆ ನೊರಜು, ಸೊಳ್ಳೆ ಮರಿಗಳನ್ನ ತಿಂದುಹಾಕ್ತವೆ. ಕಣ್ಣು, ಕಿವಿ, ಹೊಕ್ಕಳು, ಎಲ್ಲಾ ಕಡೆ ಮುತ್ತಿಕೊಳ್ತವೆ. ದೊಡ್ಡ ಕುರಿಗಳು ಬೇಲಿ ಕಟ್ಟಿದ ಬಯಲ ರೊಪ್ಪದಲ್ಲಿರ್ತವೆ, ಎಳೇ ಮರಿಗೆ ಮಾತ್ರ ಕಲ್ಲುಗೋಡೆಯ ಸಣ್ಣ ಗುಡಿಸಲು. ತಗ್ಗು ಸೂರು, ಒಬ್ಬರು ಬಗ್ಗಿ ಹೋಗೋ ಬಾಗಿಲು, ಗಂಜಲ ಹರಿದುಹೋಗೋಕೆ ಗೋಡೆ ಬುಡದಲ್ಲಿ ಒಂದು ತೂತು, ಅಷ್ಟೇ. ದೀಪ ಹಚ್ಚೋ ಹೊತ್ತಿಗೆ ಒಡಕು ಮಡಕೇಲಿ ಕೆಂಡ ಹಾಕಿ, ಮೇಲೆ ಹಿಕ್ಕೆ, ಬೇವಿನ ಸೊಪ್ಪು, ತುಂಬೆ ಸೊಪ್ಪು ಹಾಕಿ ಒಳಗೆ ಇಡೋದು. ಬಾಗಿಲಿಗೆ ಕಂಬಳಿ ಇಳಿಬಿಡೋದು. ಎಷ್ಟು ಹೊತ್ತು ಅಂದ್ರೆ, ಮರಿ ಕೆಮ್ಮೋವರೆಗೂ. ಒಂದು ಕೆಮ್ಮಿದರೆ ಕಿವಿ ಕೊಡೋದು, ನಾಲ್ಕಾರು ಕೆಮ್ಮಿ ಅರಚಿದವು ಅಂದ್ರೆ ಕಂಬಳಿ ಎತ್ತಿಬಿಡೋದು. ನಮ್ಮಜ್ಜಿಗೆ ಅವರಜ್ಜಿ ಹೇಳಿಕೊಟ್ಟಿದ್ದು ಇದೇ, ನನಗೂ ಇದೇ. ಕೆಮ್ಮೇ ಗಡಿಯಾರ.

ಬೈಕಿನ ಹೊಗೆಗೆ ನೊರಜು ಓಡ್ತದೆ ಅಂತ ಕಂಡುಹಿಡಿದಿದ್ದು ನನ್ನ ಗಂಡ. ಬಯಲ ರೊಪ್ಪದ ಹತ್ತಿರ ಬೈಕು ನಿಲ್ಲಿಸಿ ಒಂದಿಷ್ಟು ಹೊತ್ತು ಓಡಿಸಿದ. ಕುರಿಗಳು ನೆಮ್ಮದಿಯಾಗಿ ಮೆಲುಕು ಹಾಕಿದವು. ಅಜ್ಜಿ ಬಾಯಿ ತುಂಬಾ ಹೊಗಳಿದಳು. "ನನ್ನ ಮಗ ಬೆಂಕಿ ಇಲ್ದೆ ಒಗೆ ಮಾಡ್ದ ನೋಡು." ಬಯಲಲ್ಲಿ ಏನೂ ಆಗಲಿಲ್ಲ.

ಆಮೇಲೆ ಬಿಡದ ಮಳೆ ಹಿಡೀತು. ಹಿಕ್ಕೆ ನೆಂದು ಮುದ್ದೆ, ಸೌದೆ ನೆಂದು ಮುದ್ದೆ. ಒಲೆ ಹಚ್ಚೋದೇ ಪಾಡು. ಅವತ್ತು ಮಳೆ ಸ್ವಲ್ಪ ಬಿಟ್ಟಿತ್ತು. ಹೊತ್ತು ಮುಳುಗೋ ಸಮಯ. ನಾನು ಒಳಗೆ ರಾಗಿ ಹಿಟ್ಟು ತೊಳಸ್ತಾ ಇದ್ದೆ. ದೊಡ್ಡಮಾವ ರಿಂಗ್ ಬದಲಾಯಿಸಿ ಕಾರು ತಂದು ನಿಲ್ಲಿಸಿದ್ದ, ಮರುವಾರ ಎಫ್.ಸಿ.ಗೆ ಹೋಗಬೇಕು ಅಂತ ಒರಸ್ತಾ ಕೂತಿದ್ದ. ಬೈಕಿನ ಸದ್ದು ಕೇಳಿಸ್ತು. ಬಂದು ನಿಂತ ಸದ್ದಲ್ಲ, ನಿಂತ ಕಡೆ ಬಡಕೊಳ್ತಿರೋ ಸದ್ದು.

"ಮಾವ, ಎಲ್ಲಿ ನಿಲ್ಸಿದ್ದೀಯ ಗಾಡೀನ?" ಅಂತ ಒಳಗಿಂದಲೇ ಕೂಗಿದೆ.

"ಮರಿಗೆ ಒಗೆ ಇಡ್ತಾ ಇವ್ನಿ ಕಣಮ್ಮೀ. ನೀನು ಇಟ್ಟು ನೋಡ್ಕೋ."

ಬೈಕಿನ ಹಿಂಭಾಗ ಮರಿಗುಡಿಸಲ ಬಾಗಿಲಿಗೆ ತಿರುಗಿಸಿ, ಎರಡು ಪೈಪೂ ಒಳಗೆ ಮಾಡಿ, ಮೇಲೆ ಕಂಬಳಿ ಇಳಿಬಿಟ್ಟಿದ್ದ. ಬೇವಿನ ಹೊಗೆಗೆ ಹೆಂಗೋ ಹಂಗೇ. ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ದ. ಕೆಮ್ಮಿಗೆ ಕಾಯ್ತಾ ಇದ್ದ.

ಕೆಮ್ಮು ಬರಲೇ ಇಲ್ಲ.

ನಾನು ಹಿಟ್ಟು ಇಳಿಸಿ, ಮುದ್ದೆ ಕಟ್ಟಿ, ಮಗಳನ್ನ ಕರೆದೆ. ಆಗ ಅವಳಿಗೆ ನಾಲ್ಕೋ ಐದೋ ವರ್ಷ. ತಾಯಿ ಸತ್ತ ಒಂದು ಮರಿಗೆ ಸೀಸೇಲಿ ಹಾಲು ಕುಡಿಸಿ ಸಾಕಿದ್ದಳು. ಊಟ ಅಂದ್ರೆ ಓಡಿ ಬರೋಳು ಬರಲಿಲ್ಲ. ಇನ್ನೊಂದು ಸಲ ಕೂಗಿದೆ. ಅಜ್ಜಿ ಜಗಲಿ ಮೇಲಿಂದ, "ಆಗಲೇ ಸೀಸೆ ಇಡ್ಕೊಂಡು ಮರಿತಾವ ಓದ್ಲಲ್ಲ" ಅಂದಳು.

ನನಗೆ ಮೊದಲು ತಿಳಿದಿದ್ದು ಸದ್ದಿಲ್ಲ ಅನ್ನೋದು. ಬೈಕು ಬಡಕೊಳ್ತಾ ಇದೆ, ಮರಿಗಳ ಸದ್ದಿಲ್ಲ. ಆ ಹೊತ್ತಲ್ಲಿ ಮರಿಗಳು ತಾಯಿಗೆ ಅರಚಿ ಅರಚಿ ಕಿವಿ ಕಿತ್ತುಹಾಕ್ತವೆ. ಕೈಯಲ್ಲಿ ಹಿಟ್ಟು ಅಂಟಿಕೊಂಡಿದ್ದಂಗೇ ಓಡಿದೆ. ಬೈಕು ಒದ್ದು ಬೀಳಿಸಿದೆ. ಅದು ಬಿದ್ದು ನಿಂತುಹೋಯ್ತು. ಕಂಬಳಿ ಕಿತ್ತೆ.

ಮರಿಗಳು ಒಂದರ ಮೇಲೊಂದು ಮಲಗಿದ್ದವು, ತಾಯಿ ಪಕ್ಕ ಮಲಗಿದಂಗೆ. ನನ್ನ ಮಗಳು ಮೂಲೇಲಿ, ಗಂಜಲದ ತೂತಿನ ಹತ್ತಿರ ಮುಖ ಇಟ್ಟು, ತಬ್ಬಲಿ ಮರೀನ ತಬ್ಬಿಕೊಂಡು ಮಲಗಿದ್ದಳು. ಎಳೆದು ಹೊರಗೆ ತಂದೆ. ಕೈಕಾಲು ಒದ್ದೆ ಬಟ್ಟೆ ಥರ ಜೋತುಬಿದ್ದವು.

"ಅಯ್ಯಯ್ಯೋ, ಒಳಗಿದ್ಳಾ? ಅಮ್ಮೀ, ಒಳಗಿದ್ಳಾ?" ಅಂತ ನನ್ನ ಗಂಡ ಕೇಳಿದ್ದೇ ಕೇಳಿದ್ದು. ಬಾಯಲ್ಲಿ ಬೀಡಿ ಹಂಗೇ ಇತ್ತು.

ಅಜ್ಜಿ ಬಂದು ದೀಪ ಹಿಡಿದು ನೋಡಿದಳು. ನೋಡಿ ನಕ್ಕಳು. ಆ ನಗು ನನಗೆ ಇವತ್ತೂ ಮರೆತಿಲ್ಲ. "ಏನೂ ಆಗಿಲ್ಲ ಬಿಡೇ. ಕೆನ್ನೆ ನೋಡು, ದಾಸವಾಳ ಆಗೈತೆ. ನಿದ್ದೆ ಮಾಡ್ತಾ ಐತೆ ಕೂಸು. ಎಬ್ಬಿಸಬೇಡ, ದೃಷ್ಟಿ ತೆಗೀತೀನಿ."

ನಿಜವಾಗಲೂ ಅಷ್ಟು ಚೆನ್ನಾಗಿದ್ದಳು. ಎಣ್ಣೆ ನೀರು ಹಾಕಿ ಮಲಗಿಸಿದ ಕೂಸಿನ ಥರ ಕೆಂಪಗೆ. ನಾನೂ ನಂಬಿಬಿಡ್ತಿದ್ದೆನೋ ಏನೋ. ಆದರೆ ತಬ್ಬಲಿ ಮರಿ ನನ್ನ ಕಾಲ ಬಳಿ ಬಿದ್ದಿತ್ತು, ಅದರ ತುಟಿ ಮೇಲಕ್ಕೆ ಸರಿದಿತ್ತು. ಅದೂ ಅದೇ ಕೆಂಪು. ಅದು ಸತ್ತಿತ್ತು.

ಮಗಳ ಕೆನ್ನೆಗೆ ಬಾರಿಸಿದೆ. ಏಳಲಿಲ್ಲ. ಇನ್ನೊಂದು ಬಾರಿಸಿದೆ.

"ಕೂಸಿಗೆ ಒಡೀತೀಯೇನೇ ರಾಕ್ಷಸಿ!" ಅಂತ ಅಜ್ಜಿ ನನ್ನ ಕೈ ಹಿಡಿದಳು.

"ಕೈ ಬಿಡಜ್ಜಿ. ದೊಡ್ಡಮಾವ, ಕಾರು ತೆಗಿ" ಅಂದೆ.

ದೊಡ್ಡಮಾವ ಕಾರಿನ ಹತ್ತಿರ ನಿಂತು ನನ್ನನ್ನ ನೋಡಿದ. ಎಫ್.ಸಿ. ಇಲ್ಲದ ಕಾರು. ಪರ್ಮಿಟ್ಟು ಹೋದರೆ ಅವನ ಮನೆ ಒಲೆ ಹತ್ತಲ್ಲ. ಒಂದು ಗಳಿಗೆ ನಿಂತ, ಅಷ್ಟೇ. ಕೈಲಿದ್ದ ಬಟ್ಟೆ ಬಿಸಾಡಿ ಒಳಗೆ ಕೂತ.

ದಾರಿಯುದ್ದಕ್ಕೂ ಮಗಳ ತಲೆ ಕಿಟಕಿಗೆ ಕೊಟ್ಟು ಹಿಡಕೊಂಡಿದ್ದೆ. ಗಾಳಿ, ಹನಿ ಮಳೆ ಮುಖಕ್ಕೆ ಹೊಡೀತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ. ಹೊಗೆ ಜಾಸ್ತಿಯಾದ ಮರೀನ ಗಾಳಿಗೆ ಹಿಡಿಯೋದು ನಮಗೆ ಗೊತ್ತಿತ್ತು, ಅದನ್ನೇ ಮಾಡಿದೆ. ಹಿಂದೆ ಬೈಕಿನ ಲೈಟು ಬರ್ತಾ ಇತ್ತು. ನನ್ನ ಗಂಡ ಅದನ್ನೇ ಎತ್ತಿ ನಿಲ್ಲಿಸಿ ಹತ್ತಿ ಬಂದಿದ್ದ.

ಧರ್ಮಪುರಿ ಮುಟ್ಟೋಕೆ ಮುಂಚೆ ರೈಲ್ವೇ ಗೇಟಿನ ಹತ್ತಿರ ಲಾರಿಗಳನ್ನ ನಿಲ್ಲಿಸಿದ್ದರು. ಜೀಪು ನಿಂತಿತ್ತು. ಅದೇ ಇನ್ಸ್‌ಪೆಕ್ಟರ್. ಟಾರ್ಚು ಬಿಟ್ಟು ಕಾರು ನಿಲ್ಲಿಸಿದರು, ಗುರುತು ಹಿಡಿದರು.

"ಎನ್ನಯ್ಯಾ, ಎಫ್.ಸಿ. ಇಲ್ಲಾಮ ಸವಾರಿಯಾ?"

ಎಫ್.ಸಿ. ಇಲ್ಲದೆ ಬಾಡಿಗೆ ಹೊಡೀತಿದ್ದೀಯಾ ಅಂತ. ನಾನು ಮಗಳನ್ನ ಕಿಟಕಿಯಿಂದ ಅವರ ಮುಖಕ್ಕೇ ಹಿಡಿದೆ. "ಕೊಳಂದೆ ಸಾಗುದು ಸಾರ್, ವಳಿ ವಿಡುಂಗ" ಅಂದೆ. ಮಗು ಸಾಯ್ತಾ ಐತೆ, ದಾರಿ ಬಿಡಿ ಅಂತ.

ಟಾರ್ಚು ಮಗಳ ಮುಖಕ್ಕೆ ಬಿಟ್ಟರು. ನೋಡಿದರು. "ನಲ್ಲಾತ್ತಾನೆ ತೂಂಗುದು!" ಅಂದರು. ಚೆನ್ನಾಗಿಯೇ ನಿದ್ದೆ ಮಾಡ್ತಾ ಐತಲ್ಲ ಅಂತ. ಸುಳ್ಳು ಹೇಳಿ ಬಾಡಿಗೆ ಹೊಡೀತಾ ಇದ್ದೀವಿ ಅಂದುಕೊಂಡರು ಅಂತ ಕಾಣ್ತದೆ. ಅಜ್ಜಿಯ ಕಣ್ಣಿಗೂ ಹಂಗೇ ಕಂಡಿತ್ತು, ಲಾರಿಗಟ್ಟಲೆ ಹೊಗೆ ನೋಡಿದ ಕಣ್ಣಿಗೂ ಹಂಗೇ.

ಆಗ ಮಗಳು ವಾಂತಿ ಮಾಡಿಕೊಂಡಳು. ಅವರ ಕಾಕಿ ತೋಳಿನ ಮೇಲೇ. ಕಣ್ಣು ಬಿಡಲಿಲ್ಲ, ತಲೆ ಹಿಂದಕ್ಕೆ ವಾಲಿಬಿಡ್ತು. ಇನ್ಸ್‌ಪೆಕ್ಟರ್ ಮುಖ ಆಗ ಬದಲಾಯ್ತು. ತೋಳು ಕೂಡ ಒರಸಿಕೊಳ್ಳದೆ ಲಾರಿಯವರನ್ನ ಬೈದು ಪಕ್ಕಕ್ಕೆ ಸರಿಸಿದರು. "ಪೋ, ಪೋ, ಪೋ" ಅಂದರು.

ಆಸ್ಪತ್ರೇಲಿ ಡಾಕ್ಟರಮ್ಮ ಕಣ್ಣು ಬಿಡಿಸಿ ನೋಡಿ, ಮೂಗಿಗೆ ಗಾಳಿ ಕೊಟ್ಟರು. ಕಬ್ಬಿಣದ ದೊಡ್ಡ ಸಿಲಿಂಡರು, ಅದರಿಂದ ಕೊಳವೆ. ಮುಚ್ಚಿದ ಕೋಣೇಲಿ ಇದ್ದಿಲು ಹಚ್ಚಿದ್ದಿರಾ ಅಂತ ತಮಿಳಲ್ಲಿ ಕೇಳಿದರು.

"ಇಲ್ಲ. ಮೋಟಾರ್ ಬೈಕು" ಅಂದೆ.

"ಬೈಕಾ? ಮುಚ್ಚಿದ ಕಡೆ ಬೈಕು ಓಡಿಸಿದಿರಾ?"

ಅಷ್ಟೊತ್ತಿಗೆ ನನ್ನ ಗಂಡ ಒಳಗೆ ಬಂದಿದ್ದ. ಟವಲು ಎರಡು ಕೈಯಲ್ಲಿ ಹಿಂಡಿಕೊಂಡು ನಿಂತ. ನಿಂತೋನು ಏನು ಕೇಳಿದ ಗೊತ್ತಾ? "ಅದಕ್ಕೆ ಎಫ್.ಸಿ.ಯೇ ಇಲ್ಲವಲ್ಲ ಡಾಕ್ಟರಮ್ಮಾ. ಒಗೆ ನೋಡೋದು ಕಾರಿಗೆ ಮಾತ್ರ ತಾನೆ?" ಅಂದ. ತಮಾಷೆಗಲ್ಲ. ಅಳ್ತಾ ಕೇಳಿದ. ನಿಜವಾಗಲೂ ತಿಳೀದೆ ಕೇಳಿದ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಕಣ್ಣಿಗೆ ಕಾಣೋ ಹೊಗೆ ಕೆಮ್ಮಿಸ್ತದೆ, ಓಡಿಸ್ತದೆ. ಕೊಲ್ಲೋದು ಕಾಣದೇ ಇರೋದು. ಅದಕ್ಕೆ ವಾಸನೆಯೂ ಇಲ್ಲ, ಅದು ಕೆಮ್ಮಿಸೋದೂ ಇಲ್ಲ. ನೆತ್ತರಿಗೆ ಸೇರಿ ಕೆಂಪಗೆ ಮಾಡಿ ಮಲಗಿಸಿಬಿಡ್ತದೆ. ಕಾರಿಂದ ಬಂದರೂ ಅದೇ, ಸ್ಕೂಟರಿಂದ ಬಂದರೂ ಅದೇ. ತೂತಿನ ಹತ್ತಿರ ಮುಖ ಇತ್ತು ಅಂದಿದ್ದಕ್ಕೆ, "ಅದೇ ಉಳಿಸಿದ್ದು, ಉಳಿದರೆ" ಅಂದರು. ಆ "ಉಳಿದರೆ" ಕೇಳಿ ನಾನು ನೆಲದ ಮೇಲೆ ಕೂತುಬಿಟ್ಟೆ. ಕೈಯಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು, ಒಣಗಿ ಚರ್ಮ ಎಳೀತಿತ್ತು.

ಬೆಳಗಾಗಿ ಬಿಸಿಲು ಬಂದ ಮೇಲೆ ಕಣ್ಣು ಬಿಟ್ಟಳು. ತಲೆ ನೋಯ್ತದೆ ಅಂದಳು. ಆಮೇಲೆ, "ನನ್ನ ಮರಿ?" ಅಂದಳು.

"ಸತ್ತೋಯ್ತು" ಅಂದೆ. ನನಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ.

ಮನೆಗೆ ಬಂದರೆ ಅಜ್ಜಿ ಸತ್ತ ಮರಿಗಳ ಚರ್ಮ ಬಿಡಿಸಿ ಕೂತಿದ್ದಳು. ಮಾಂಸ ಅಷ್ಟು ಕೆಂಪಗಿದೆ, ಅಷ್ಟು ಹೊಸದಾಗಿದೆ, ಯಾಕೆ ಹಾಳು ಮಾಡೋದು ಅಂತ. ನನ್ನ ಗಂಡ ಅವಳ ಕೈಯಿಂದ ಕಿತ್ತುಕೊಂಡು ಹೋಗಿ ಹುಣಸೆ ಮರದ ಆಚೆ ಹೂತ. ಅವನು ಅವರವ್ವನ ಕೈಯಿಂದ ಏನನ್ನಾದರೂ ಕಿತ್ತುಕೊಂಡಿದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಮಗಳ ಜೊತೆ ಬಹಳ ದಿನ ಕಣ್ಣು ಸೇರಿಸಲಿಲ್ಲ. ನಾನೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಲೀಸಾಗಿಬಿಡೋದು.

ಎಫ್.ಸಿ. ದಿವಸ ಮಗಳನ್ನ ಕರಕೊಂಡು ನಾನೂ ಕಾರಲ್ಲಿ ಹೋದೆ, ಡಾಕ್ಟರಮ್ಮನಿಗೆ ತೋರಿಸಬೇಕಿತ್ತು. ನನ್ನ ಗಂಡ ಬೈಕಲ್ಲಿ ಬಂದ. ಇನ್ಸ್‌ಪೆಕ್ಟರ್ ಗೇಟಿನ ಮಾತು ಎತ್ತಲಿಲ್ಲ. ಎಂಜಿನ್ ರೇಸ್ ಮಾಡಿಸಿದರು, ಹಿಂದೆ ನಿಂತು ನೋಡಿದರು, ಹೊಗೆ ಇಲ್ಲ, ಎಫ್.ಸಿ. ಆಯ್ತು. ಮಗಳ ತಲೆ ಮುಟ್ಟಿ "ಎಪ್ಪಡಿ ಇರುಕ್ಕು ಪಾಪಾವುಕ್ಕು?" ಅಂತ ಕೇಳಿದರು. ಹೆಂಗೈತೆ ಮಗುಗೆ ಅಂತ.

ನಾನು ಬೈಕಿನ ಕಡೆ ಕೈ ತೋರಿಸಿದೆ. "ಕೂಸನ್ನ ಈ ಗತಿಗೆ ತಂದಿದ್ದು ಅದು ಸಾರ್. ಕಾರಲ್ಲ. ಅದನ್ನ ಯಾರು ನೋಡ್ತಾರೆ?" ಅಂದೆ, ನನಗೆ ಬಂದ ತಮಿಳಲ್ಲಿ.

ಅವರು ಬೈಕನ್ನ ನೋಡಿದರು. ಬೈಯ್ತಾರೆ ಅಂದುಕೊಂಡೆ, ಬೈಯಲಿಲ್ಲ. "ಅದುಕ್ಕು ಸಟ್ಟಂ ಇಲ್ಲೆಮ್ಮಾ" ಅಂದರು, ಅದಕ್ಕೆ ಕಾನೂನು ಇಲ್ಲಮ್ಮ ಅಂತ. ಅಂದು ಮುಂದಿನ ಲಾರಿಗೆ ಹೋದರು. ನಾನು ನಿಂತೇ ಇದ್ದೆ. ಇಷ್ಟಾದ ಮೇಲೂ ಅದೇ ಮಾತಾ? ಇವತ್ತೇನೋ ಬೈಕಿನ ಬಾಲಕ್ಕೂ ಕೊಳವೆ ಹಾಕಿ ಹೊಗೆ ಅಳೆದು ಚೀಟಿ ಕೊಡ್ತಾರಂತೆ. ಅವತ್ತು ಇರಲಿಲ್ಲ.

ಅದಾದ ಮೇಲೆ ನನ್ನ ಗಂಡ ಅಂಗಳದಲ್ಲಿ ಬೈಕು ಸ್ಟಾರ್ಟ್ ಮಾಡಲಿಲ್ಲ. ತಳ್ಳಿಕೊಂಡು ರೋಡಿಗೆ ಹೋಗಿ ಅಲ್ಲಿ ಕಿಕ್ ಹೊಡೆಯೋನು. ಮಳೆಯಲ್ಲೂ ತಳ್ಳೋನು. ಯಾರಾದರೂ "ಯಾಕ್ಲಾ, ಗಾಡಿ ಕೆಟ್ಟೋಯ್ತಾ?" ಅಂದರೆ "ಊಂ" ಅನ್ನೋನು.

ಮರಿಗುಡಿಸಲಿಗೆ ಅಷ್ಟು ದಿವಸವೂ ಯಾರೂ ಹೊಗೆ ಇಟ್ಟಿರಲಿಲ್ಲ. ಅವತ್ತು ಸಾಯದೆ ಉಳಿದಿದ್ದೂ ಹೊಸದಾಗಿ ಹುಟ್ಟಿದ್ದೂ ಸೇರಿ ಒಂದಷ್ಟು ಮರಿ ಇದ್ದವು, ನೊರಜು ಅವುಗಳ ಕಣ್ಣು ತಿಂತಾ ಇತ್ತು. ಎಫ್.ಸಿ. ಮುಗಿಸಿ ಬಂದ ಸಂಜೆ ನಾನೇ ಒಲೆ ಹತ್ತಿರ ಹಿಕ್ಕೆ ಒಣಗಿಸಿ, ಬೇವಿನ ಸೊಪ್ಪು ತಂದೆ. ಗುಡಿಸಲೊಳಗೆ ಬಗ್ಗಿ ನಾಲ್ಕು ಮೂಲೆಯೂ ಕೈಯಾಡಿಸಿ ನೋಡಿದೆ. ಆಮೇಲೆ ಮಡಕೆ ಇಟ್ಟು ಕಂಬಳಿ ಬಿಟ್ಟೆ. ಮಗಳನ್ನ ಹೊರಗೆ ತೊಡೆ ಮೇಲೆ ಕೂರಿಸಿಕೊಂಡೆ. ನನ್ನ ಗಂಡ ದೂರ ನಿಂತಿದ್ದ, ಹತ್ತಿರ ಬರಲಿಲ್ಲ.

ಮೊದಲು ಒಂದು ಮರಿ ಕೆಮ್ಮಿತು. ಆಮೇಲೆ ಇನ್ನೊಂದು. ಅರಚಿದವು. ಎದ್ದು ಕಂಬಳಿ ಎತ್ತಿದೆ. ಹೊಗೆ ದಪ್ಪಗೆ ಹೊರಗೆ ಬಂದು ನಮ್ಮ ಮುಖಕ್ಕೆ ಹೊಡೀತು, ಮಗಳು ಕಣ್ಣಲ್ಲಿ ನೀರು ಬರೋವರೆಗೂ ಕೆಮ್ಮಿದಳು.

"ಅಮ್ಮೀ, ಕೂಸು ಕೆಮ್ತಾ ಐತೆ, ಈಚೆ ಕರ್ಕೊಂಡು ಬಾ" ಅಂತ ಅವನು ಅಲ್ಲಿಂದಲೇ ಕೂಗಿದ.

"ಕೆಮ್ಮಲಿ ಇರು ಮಾವ" ಅಂದೆ.